ಸೀಸದ ಗುಂಡಿಗೆ ತಾಮ್ರದ ತಳ: ಬೆಳೆ ಕಾಯುವ ಬಂದೂಕಿಗೆ ಅದು ಬೇಕೆ?

ಶೇಂಗಾ ಕಾಯಿ ಕಟ್ಟುವ ಹೊತ್ತಿಗೆ ಕಾಡುಹಂದಿಗೂ ಸುದ್ದಿ ಮುಟ್ಟುತ್ತದೆ. ಒಂದು ರಾತ್ರಿ ಕಾವಲು ತಪ್ಪಿದರೆ ಸಾಕು, ಬೆಳಗಾಗುವಷ್ಟರಲ್ಲಿ ಹೊಲ ಉತ್ತು ಬಿಟ್ಟಂತೆ ಕಾಣುತ್ತದೆ. ಕೃಷ್ಣೆ-ತುಂಗಭದ್ರೆಗಳ ನಡುವಿನ ನಮ್ಮ ಗದ್ವಾಲ ಸೀಮೆಯಲ್ಲಿ ಇದು ಪ್ರತಿವರ್ಷದ ಗೋಳು. ಮಕ್ತಲ, ನಾರಾಯಣಪೇಟೆಯ ಕಡೆಗೆ ಚಿಗರಿಯ ಹಿಂಡುಗಳ ಕಾಟ ಬೇರೆ.

ಹೀಗಿರುವಲ್ಲಿ ಊರ ಕಟ್ಟೆಯ ಮೇಲೆ ಬಂದೂಕಿನ ಮಾತು ಬರುವುದು ಸಹಜ. ಪರದೇಶದಲ್ಲಿ ದುಡಿಯುವ ಹುಡುಗರು ಬಂದಾಗ ಅಲ್ಲಿಯ ಲಿವರ್ ರೈಫಲನ್ನು ಬಣ್ಣಿಸುತ್ತಾರೆ. ಅಮೇರಿಕೆಯಲ್ಲಿ ಮನೆಯಲ್ಲೇ ಸೀಸ ಎರಕ ಹೊಯ್ದು, ಗುಂಡಿನ ತಳಕ್ಕೆ ತಾಮ್ರದ ಪುಟ್ಟ ಬಟ್ಟಲು ತೊಡಿಸುತ್ತಾರಂತೆ, ಅದರಿಂದ ಏಟು ಬಿರುಸಂತೆ. "ನಮ್ಮ ಬಂದೂಕಿಗೂ ಹಾಗೆ ಮಾಡಿದರೆ ಹೇಗೆ?" ಎಂದು ಕೇಳುವವರು ಉಂಟು. ಪ್ರಶ್ನೆ ಚಿಕ್ಕದು. ಆದರೆ ಉತ್ತರ ತಿಳಿಯದೆ ಕೈಹಾಕಿದರೆ ಕಣ್ಣು, ಕೈ, ಮನೆಯ ಮಕ್ಕಳ ಆರೋಗ್ಯ ಎಲ್ಲವೂ ಪಣಕ್ಕೆ ಬೀಳುತ್ತವೆ. ಮೇಲೆ ಕೋರ್ಟಿನ ಖಟ್ಲೆ. ಆದಕಾರಣ ಈ ತಾಮ್ರದ ತಳದ ಕೆಲಸವೇನು, ಅದು ಯಾವ ಬಂದೂಕಿಗೆ ತಕ್ಕದ್ದು ಎಂಬುದನ್ನು ರೈತ ಬಾಂಧವರು ಸರಿಯಾಗಿ ತಿಳಿಯಬೇಕು.

ಲಿವರ್ ರೈಫಲ್ ಎಂದರೇನು?

ಹಿಡಿಯ ಕೆಳಗಿನ ಕಬ್ಬಿಣದ ಬಳೆಯನ್ನು ಕೆಳಗೆ ಎಳೆದು ಮತ್ತೆ ಮೇಲಕ್ಕೆ ಒತ್ತಿದರೆ, ಸುಟ್ಟ ತೋಟಾ ಹೊರಬಿದ್ದು ಹೊಸ ತೋಟಾ ಒಳಸೇರುತ್ತದೆ. ಇದೇ ಲಿವರ್ ರೈಫಲ್. ಅಮೇರಿಕೆಯ ವಿಂಚೆಸ್ಟರ್ ಕಂಪನಿಯ 1873 ಮತ್ತು 1894ರ ಮಾದರಿಗಳು ಇವುಗಳಲ್ಲಿ ಹೆಸರಾದವು. ಇಂಥ ಬಹುತೇಕ ರೈಫಲುಗಳಲ್ಲಿ ತೋಟಾಗಳು ನಳಿಗೆಯ ಕೆಳಗಿನ ಕೊಳವೆಯೊಳಗೆ ಒಂದರ ಹಿಂದೊಂದು ಮಲಗಿರುತ್ತವೆ. ಹಿಂದಿನ ಗುಂಡಿನ ಮೂತಿ ಮುಂದಿನ ತೋಟಾದ ಬುಡಕ್ಕೆ, ಅಂದರೆ ಕಿಡಿ ಹುಟ್ಟುವ ಜಾಗಕ್ಕೇ, ತಾಗಿಕೊಂಡಿರುತ್ತದೆ. ಮೂತಿ ಚೂಪಾಗಿದ್ದರೆ ಬಂದೂಕು ಅದುರಿದಾಗ ಕೊಳವೆಯೊಳಗೇ ತೋಟಾ ಸಿಡಿಯಬಹುದು. ಆದ್ದರಿಂದ ಇದರ ಗುಂಡಿಗೆ ಚಪ್ಪಟೆ ಮೂತಿ ಇರುತ್ತದೆ.

ರೈಫಲಿನ ಮುಖ್ಯ ಲಕ್ಷಣ ನಳಿಗೆಯ ಒಳಗಿದೆ. ಅಲ್ಲಿ ಸುರುಳಿಯಾಗಿ ಗೆರೆ ಕೊರೆದಿರುತ್ತದೆ. ಗುಂಡು ಆ ಗೆರೆಗಳನ್ನು ಕಚ್ಚಿಕೊಂಡು ಬುಗುರಿಯಂತೆ ತಿರುಗುತ್ತ ಹೊರಡುವುದರಿಂದ ದಾರಿ ತಪ್ಪುವುದಿಲ್ಲ.

ಸೀಸದ ಗುಣ, ಸೀಸದ ದೋಷ

ಸೀಸ ತೂಕದ ಲೋಹ, ಮೆತ್ತನೆಯ ಲೋಹ. 327 ಡಿಗ್ರಿ ಸೆಲ್ಸಿಯಸ್ ಉಷ್ಣಕ್ಕೆ ಕರಗುತ್ತದೆ. ತಾಮ್ರ ಕರಗಲು 1085 ಡಿಗ್ರಿ ಬೇಕು. ಕರಿಮದ್ದಿನ ಕಾಲದಲ್ಲಿ ಸೀಸದ ಮೆತ್ತನೆಯ ಗುಣ ತೊಂದರೆ ಕೊಡಲಿಲ್ಲ. 1873ರ ವಿಂಚೆಸ್ಟರಿನ ಗುಂಡು ಸೆಕೆಂಡಿಗೆ ಸುಮಾರು 1,200-1,300 ಅಡಿ ಓಡುತ್ತಿತ್ತು. ಆದರೆ 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ ಹೊಗೆರಹಿತ ಮದ್ದನ್ನು ಕಂಡುಹಿಡಿದ ಮೇಲೆ ಸ್ಥಿತಿ ಬದಲಾಯಿತು. 1895ರಲ್ಲಿ ವಿಂಚೆಸ್ಟರಿಗೆ ಬಂದ ಹೊಸ ತೋಟಾದ ಗುಂಡು ಸುಮಾರು 2,000 ಅಡಿಯ ವೇಗ ಮುಟ್ಟಿತು. ಅದಕ್ಕೆ ತಾಮ್ರಮಿಶ್ರ ಲೋಹದ ಹೊದಿಕೆ ಹಾಕಬೇಕಾಯಿತು. ಬರೀ ಸೀಸ ಅಷ್ಟು ಒತ್ತಡಕ್ಕೆ ತಾಳಲಿಲ್ಲ.

ತಾಳದಿದ್ದರೆ ಏನಾಗುತ್ತದೆ? ಕೆರೆಯ ಒಡ್ಡಿನಲ್ಲಿ ಇಲಿ ಬಿಲ ಕೊರೆದದ್ದನ್ನು ನೋಡಿದವರಿಗೆ ಹೇಳಬೇಕಾಗಿಲ್ಲ. ಬೆರಳು ತೂರುವಷ್ಟು ಸಂದು ಸಿಕ್ಕರೆ ನೀರು ನುಗ್ಗಿ, ನುಗ್ಗಿದ ದಾರಿಯನ್ನೇ ಕೊರೆದು ದೊಡ್ಡದು ಮಾಡುತ್ತದೆ. ಗುಂಡಿಗೂ ನಳಿಗೆಗೂ ನಡುವೆ ಕೂದಲೆಳೆಯಷ್ಟು ಸಂದು ಇದ್ದರೂ ಹಿಂದಿನಿಂದ ಒತ್ತುವ ಬಿಸಿ ಅನಿಲ ಹಾಗೆಯೇ ನುಗ್ಗುತ್ತದೆ. ಗುಂಡಿನ ತಳದ ಅಂಚನ್ನು ಕೊರೆದು, ಸೀಸವನ್ನು ಎಬ್ಬಿಸಿ, ನಳಿಗೆಯ ಗೆರೆಗಳಿಗೆ ಮೆತ್ತುತ್ತದೆ. ಮೆತ್ತಿದ ನಳಿಗೆಯಲ್ಲಿ ಮುಂದಿನ ಗುಂಡು ಗೆರೆ ಹಿಡಿಯದೆ ಎತ್ತಲೋ ಹೋಗುತ್ತದೆ.

ತಾಮ್ರದ ಬಟ್ಟಲು

ಇದಕ್ಕೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೇರಿಕೆಯವರು ಕಂಡುಕೊಂಡ ಉಪಾಯವೇ 'ಗ್ಯಾಸ್ ಚೆಕ್', ಅಂದರೆ ಅನಿಲ ತಡೆ. ಅರ್ಧ ಮಿಲಿಮೀಟರಿಗೂ ತೆಳುವಾದ ತಾಮ್ರದ ಚಿಕ್ಕ ಬಟ್ಟಲು ಅದು. ಗುಂಡಿನ ತಳವನ್ನು ಸ್ವಲ್ಪ ಸಣ್ಣದಾಗಿ ಎರಕ ಹೊಯ್ದು, ಅದಕ್ಕೆ ಈ ಬಟ್ಟಲನ್ನು ಬಿಗಿಯಾಗಿ ತೊಡಿಸುತ್ತಾರೆ. ಔಷಧ ಹೊಡೆಯುವ ಹಳೆಯ ಕೈಪಂಪಿನ ಚರ್ಮದ ವಾಷರನ್ನು ನೆನೆದುಕೊಳ್ಳಿರಿ. ವಾಷರು ಗಟ್ಟಿಯಿದ್ದರೆ ಗಾಳಿ ಸೋರದು, ಒತ್ತಡ ನಿಲ್ಲುತ್ತದೆ. ತಾಮ್ರದ ಬಟ್ಟಲೂ ಹಾಗೆಯೇ: ತಳದ ಅಂಚನ್ನು ಕಾಪಾಡುತ್ತದೆ, ಸಂದು ಮುಚ್ಚುತ್ತದೆ, ಗೆರೆಗಳನ್ನು ಸೀಸಕ್ಕಿಂತ ಗಟ್ಟಿಯಾಗಿ ಕಚ್ಚುತ್ತದೆ. ಬರೀ ತಳದ ಎರಕದ ಗುಂಡು ಸುಮಾರು 1,400-1,600 ಅಡಿಯ ವೇಗದವರೆಗೆ ನಡೆದರೆ, ಬಟ್ಟಲು ತೊಟ್ಟದ್ದು 2,000 ಅಡಿಯ ಹತ್ತಿರಕ್ಕೂ ತಾಳುತ್ತದೆ.

ಆದರೆ ಬಟ್ಟಲೊಂದೇ ಎಲ್ಲವನ್ನೂ ಮಾಡದು. ಗುಂಡು ನಳಿಗೆಯ ಅಳತೆಗಿಂತ ಸಣ್ಣದಾಗಿದ್ದರೆ ತಾಮ್ರ ತೊಟ್ಟರೂ ಸೀಸ ಮೆತ್ತುತ್ತದೆ. ಸೀಸವೂ ಗಟ್ಟಿಯಾಗಿರಬೇಕು, ಅದಕ್ಕಾಗಿ ತವರ ಮತ್ತು ಆಂಟಿಮನಿ ಬೆರೆಸುತ್ತಾರೆ. ಹಿಂದೆ ಮುದ್ರಣಾಲಯಗಳಲ್ಲಿ ಜೋಡಿಸುತ್ತಿದ್ದ ಅಚ್ಚುಮೊಳೆಗಳು ಇದೇ ಮೂರು ಲೋಹಗಳ ಮಿಶ್ರಣ. ಲೋಹದ ಗಡಸುತನ ಅಳೆಯುವ ಬ್ರಿನೆಲ್ ಮಾನದಲ್ಲಿ ಶುದ್ಧ ಸೀಸ ಸುಮಾರು 5. ಸಾಲುಮೊಳೆ ಎರಕ ಹೊಯ್ಯುತ್ತಿದ್ದ ಲೈನೋಟೈಪ್ ಯಂತ್ರದ ಲೋಹ ಸುಮಾರು 22.

ನಮ್ಮ ಬಂದೂಕು ಬೇರೆ ಜಾತಿಯದು

ನಮ್ಮ ಸೀಮೆಗೆ ಬಂದೂಕು ಹೊಸದಲ್ಲ. 1520ರಲ್ಲಿ ಕೃಷ್ಣದೇವರಾಯನು ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದಾಗ, ಕ್ರಿಸ್ತೋವಾವ್ ದೆ ಫಿಗ್ಯೂರೆದೊ ಎಂಬ ಪೋರ್ಚುಗೀಸನೂ ಅವನ ಜೊತೆಗಾರರೂ ಬತ್ತಿ ಬಂದೂಕುಗಳಿಂದ ಕೋಟೆಗೋಡೆಯ ಮೇಲಿನವರನ್ನು ಹೊಡೆದು ಕೆಡಹಿದ್ದನ್ನು ನೂನಿಜ್ ಬರೆದಿಟ್ಟಿದ್ದಾನೆ. ಮೂತಿಯಿಂದ ಮದ್ದು ತುಂಬುವ ನಾಡ ಬಂದೂಕು ಆ ಬತ್ತಿ ಬಂದೂಕಿನ ವಂಶದ್ದೇ. ಬತ್ತಿಯ ಬದಲು ಕೇಪು ಬಂದಿದೆ, ಅಷ್ಟೆ.

ಈ ಬಂದೂಕಿನ ನಳಿಗೆ ಒಳಗೆ ನುಣುಪು, ಸುರುಳಿಗೆರೆ ಇಲ್ಲ. ಗುಂಡಿನ ವೇಗವೂ ಕಡಿಮೆ. ಮದ್ದಿಗೂ ಗುಂಡಿಗೂ ನಡುವೆ ಗಜದಿಂದ ಜಡಿಯುವ ನಾರು, ಚಿಂದಿಯ ತುರುಕೇ ಅನಿಲವನ್ನು ತಡೆಯುತ್ತದೆ. ಕಚ್ಚಲು ಗೆರೆಯೇ ಇಲ್ಲದಲ್ಲಿ ತಾಮ್ರದ ಬಟ್ಟಲಿಗೆ ಕೆಲಸವೇ ಇಲ್ಲ. ಇನ್ನು ಇಛಾಪುರ ರೈಫಲ್ ಕಾರ್ಖಾನೆಯ .315 ರೈಫಲಿನಂಥದು ಯಾರ ಬಳಿಯಾದರೂ ಇದ್ದರೆ, ಅದರ ಕಾರ್ಖಾನೆ ತೋಟಾದ ಗುಂಡಿಗೆ ಲೋಹದ ಹೊದಿಕೆ ಮೊದಲೇ ಇರುತ್ತದೆ. ಅಲ್ಲಿಯೂ ಬಟ್ಟಲು ಬೇಕಿಲ್ಲ.

ಬೇಕಿಲ್ಲ ಎಂಬುದಷ್ಟೇ ಅಲ್ಲ, ಅಪಾಯವೂ ಉಂಟು. ಬಿರುಸು ಹೆಚ್ಚಲೆಂದು ನಾಡ ಬಂದೂಕಿಗೆ ಬಿಗಿಯಾದ ಲೋಹದ ತುಣುಕು ಜಡಿದರೆ, ಅದು ನಡುವೆ ಸಿಕ್ಕಿಕೊಂಡು ನಳಿಗೆ ಸೀಳಬಹುದು. ಕರಿಮದ್ದಿಗೆಂದು ಮಾಡಿದ ನಳಿಗೆಗೆ ಹೊಗೆರಹಿತ ಮದ್ದು ಹಾಕುವುದಂತೂ ಕೈಯಲ್ಲಿ ಬಾಂಬು ಹಿಡಿದಂತೆ.

ಕಾಯ್ದೆ ಹೇಳುವುದೇನು?

1959ರ ಆಯುಧ ಕಾಯ್ದೆಯ 13ನೆಯ ಕಲಮು ನಿಜವಾಗಿ ಬೆಳೆ ಕಾಯುವುದಕ್ಕೆಂದು ಹೆಸರಿಸಿರುವುದು ಮೂತಿಯಿಂದ ತುಂಬುವ ಬಂದೂಕನ್ನೇ. ಅದು ಸಾಲದೆಂದು ಲೈಸೆನ್ಸು ಕೊಡುವ ಅಧಿಕಾರಿಗೆ ಮನವರಿಕೆಯಾದರೆ ನುಣುಪು ನಳಿಗೆಯ ಬೇರೆ ಬಂದೂಕಿಗೆ ಅನುಮತಿ ಕೊಡಬಹುದು. ಮನೆಯಲ್ಲಿ ತೋಟಾ ತಯಾರಿಸಲು 5ನೆಯ ಕಲಮಿನಂತೆ ಬೇರೆಯೇ ಲೈಸೆನ್ಸು ಬೇಕು. ಅಮೇರಿಕೆಯಲ್ಲಿ ಹವ್ಯಾಸವಾದದ್ದು ಇಲ್ಲಿ ಅಪರಾಧವಾಗುತ್ತದೆ.

ಇನ್ನೊಂದು ಮಾತು ಬಹಳ ಜನಕ್ಕೆ ತಿಳಿಯದು. ಬಂದೂಕಿನ ಲೈಸೆನ್ಸು ಬೇಟೆಯ ಪರವಾನಗಿ ಅಲ್ಲ. ಎರಡೂ ಬೇರೆ ಬೇರೆ ಕಾಗದ. 1972ರ ವನ್ಯಜೀವಿ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಅದರಂತೆ ಕಾಡುಹಂದಿ ಎರಡನೆಯ ಪಟ್ಟಿಯಲ್ಲಿದೆ. ಬೆಳೆಗೆ ಹಾನಿಯಾಗುತ್ತಿದ್ದರೆ ಮುಖ್ಯ ವನ್ಯಜೀವಿ ಪಾಲಕರು ಅಥವಾ ಅವರಿಂದ ಅಧಿಕಾರ ಪಡೆದವರು 11ನೆಯ ಕಲಮಿನ ಪ್ರಕಾರ ಕಾರಣ ಬರೆದು ಲಿಖಿತ ಅಪ್ಪಣೆ ಕೊಡಬಹುದು. ಆ ಅಪ್ಪಣೆ ಇಲ್ಲದೆ ಹೊಡೆಯಕೂಡದು. ಚಿಗರಿಯು ಮೊದಲನೆಯ ಪಟ್ಟಿಯಲ್ಲಿದೆ. ಬೆಳೆ ತಿಂದಿತೆಂಬ ಕಾರಣಕ್ಕೆ ಅದನ್ನು ಕೊಲ್ಲಲು ಅಪ್ಪಣೆ ದೊರೆಯದು.

ಕರಗಿದ ಸೀಸ, ಕಾಣದ ವಿಷ

ಸೀಸದ ಬಗ್ಗೆ ಕೊನೆಯದಾಗಿ ಆದರೂ ಮುಖ್ಯವಾಗಿ ಹೇಳಬೇಕಾದದ್ದು ಅದರ ವಿಷ. ಟ್ರ್ಯಾಕ್ಟರಿನ ಹಳೆಯ ಬ್ಯಾಟರಿ ಒಡೆದು, ಒಳಗಿನ ಸೀಸವನ್ನು ಅಡಿಗೆಯ ಒಲೆಯ ಮೇಲೆ ಕರಗಿಸುವ ಸಾಹಸ ಯಾರೂ ಮಾಡಕೂಡದು. ಅದರ ಧೂಳು, ಹೊಗೆ ಅಂಗಳದ ಮಣ್ಣಿನಲ್ಲಿ ಕೂಡುತ್ತವೆ. ಅಂಬೆಗಾಲಿಡುವ ಮಗು ಆ ಮಣ್ಣಿನ ಕೈಯನ್ನು ಬಾಯಿಗೆ ಇಡುತ್ತದೆ. ಆಫ್ರಿಕದ ಸೆನೆಗಲ್ ದೇಶದಲ್ಲಿ, ಡಾಕಾರ್ ನಗರದ ಒಂದು ಬಡಾವಣೆಯಲ್ಲಿ, ಹಳೆಯ ಬ್ಯಾಟರಿಯ ಸೀಸ ತೆಗೆಯುವ ಕೆಲಸ ನಡೆದು 2007-08ರಲ್ಲಿ 18 ಮಕ್ಕಳು ಸತ್ತರು. ಸೀಸ ಮಕ್ಕಳ ಮೆದುಳನ್ನು ಕುಂದಿಸುತ್ತದೆ. ಇಷ್ಟರವರೆಗೆ ಅಪಾಯವಿಲ್ಲ ಎಂಬ ಮಿತಿಯೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಗುಂಡು ತಗಲಿದ ಪ್ರಾಣಿಯ ಮಾಂಸದಲ್ಲಿಯೂ ಸೀಸದ ಕಣ್ಣಿಗೆ ಕಾಣದ ಚೂರುಗಳು ಉಳಿಯುತ್ತವೆ. ಅದನ್ನು ತಿಂದ ಹದ್ದುಗಳು ಸಾಯುವುದನ್ನು ಕಂಡ ಕ್ಯಾಲಿಫೋರ್ನಿಯಾ ರಾಜ್ಯವು 2019ರ ಜುಲೈ 1ರಿಂದ ಬೇಟೆಯಲ್ಲಿ ಸೀಸದ ಗುಂಡನ್ನೇ ಪೂರ್ತಿ ನಿಷೇಧಿಸಿತು. ತಾಮ್ರದ ತಳ ಹುಟ್ಟಿದ ಅಮೇರಿಕೆಯಲ್ಲಿಯೇ ಇಡೀ ಗುಂಡನ್ನು ತಾಮ್ರದಲ್ಲಿ ಮಾಡುವ ಕಾಲ ಬಂದಿದೆ.

ಹಾಗಾದರೆ ಮಾಡತಕ್ಕದ್ದೇನು?

ಲೈಸೆನ್ಸಿನ ಬಂದೂಕು ಇದ್ದವರು ಅದರಲ್ಲಿ ಬರೆದ ಮದ್ದುಗುಂಡನ್ನು ಮಾತ್ರ, ಲೈಸೆನ್ಸಿರುವ ಅಂಗಡಿಯಿಂದಲೇ ತರಬೇಕು. ಕರಿಮದ್ದಿನ ಮಸಿ ತೇವ ಹೀರಿ ತುಕ್ಕು ಹಿಡಿಸುತ್ತದೆ. ಹೊಡೆದ ದಿನವೇ ನಳಿಗೆಯನ್ನು ಬಿಸಿನೀರಿನಿಂದ ತೊಳೆದು, ಒಣಗಿಸಿ, ಎಣ್ಣೆ ಸವರಬೇಕು. ಸೀಸ ಮುಟ್ಟಿದ ಕೈಯನ್ನು ಸಾಬೂನು ಹಚ್ಚಿ ತೊಳೆಯದೆ ಊಟಕ್ಕೆ ಕೂಡಬಾರದು.

ಬಂದೂಕಿಲ್ಲದವರು ಶೇಂಗಾ ಹೊಲದ ಸುತ್ತ ಮುಳ್ಳಿನ ಕುಸುಬೆಯನ್ನು ನಾಲ್ಕಾರು ಸಾಲು ಒತ್ತಾಗಿ ಬಿತ್ತಿ ನೋಡಬಹುದು. ಮೆಕ್ಕೆಜೋಳಕ್ಕೆ ಔಡಲದ ಸಾಲು ತಕ್ಕದ್ದು. ನಾಲ್ಕೈದು ಹೊಲದವರು ಕೂಡಿಕೊಂಡರೆ ಸೋಲಾರ್ ಬೇಲಿಯ ಖರ್ಚು ಹಂಚಿಹೋಗುತ್ತದೆ. ಕಂಬದ ಕರೆಂಟನ್ನು ನೇರವಾಗಿ ತಂತಿಗೆ ಕೊಡುವುದು ಮಾತ್ರ ಎಂದಿಗೂ ಬೇಡ. ಆ ತಂತಿ ಹಂದಿಗಿಂತ ಮೊದಲು ನೀರು ಕಟ್ಟಲು ಹೋದ ಮನುಷ್ಯನನ್ನೇ ಹಿಡಿದ ಉದಾಹರಣೆಗಳು ಬೇಕಾದಷ್ಟಿವೆ. ಬೆಳೆ ಹಾಳಾದ ಮರುದಿನವೇ ಫೋಟೋ ತೆಗೆದು, ಸರ್ವೆ ನಂಬರು ಸಹಿತ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡಿರಿ. ಹಂದಿಯ ಕಾಟ ಮಿತಿಮೀರಿದ್ದರೆ ಊರವರೆಲ್ಲ ಸೇರಿ ಒಂದೇ ಅರ್ಜಿಯಲ್ಲಿ 11ನೆಯ ಕಲಮಿನ ಅಪ್ಪಣೆಯನ್ನೂ ಕೇಳಿರಿ. ಅರ್ಜಿಯ ಒಂದು ಪ್ರತಿಯ ಮೇಲೆ ಕಚೇರಿಯ ಮೊಹರು ಹಾಕಿಸಿಕೊಂಡು ಜೋಪಾನವಾಗಿ ಇಟ್ಟುಕೊಳ್ಳಿರಿ.