ಗಣಕಯಂತ್ರಕ್ಕೂ ಸೆಕೆ

ಕಲಾವಿಭಾಗದವನಿಗೆ ಯಂತ್ರಗಳ ಗೊಡವೆ ಏಕೆಂದು ಗುರುಗಳು ಕೇಳಿಯಾರು. ಆದರೆ ಪ್ರಬಂಧ ಬೆರಳಚ್ಚಿಸಲೆಂದೋ ಯಕ್ಷಗಾನದ ಚಿತ್ರೀಕರಣವನ್ನು ಕತ್ತರಿಸಿ ಜೋಡಿಸಲೆಂದೋ ಮೇಜಿನ ಕಂಪ್ಯೂಟರು ಕೊಳ್ಳುವವರು ನಮ್ಮಲ್ಲಿಯೂ ಇದ್ದಾರೆ. ಆಗ ಅಂಗಡಿಯಲ್ಲಿ ಎದುರಾಗುವ ಪ್ರಶ್ನೆಯೊಂದುಂಟು: ಪ್ರೊಸೆಸರಿಗೆ ಕೂಲರು ಗಾಳಿಯದೋ, ನೀರಿನದೋ? ಒಳ್ಳೆಯ ನೀರಿನದಕ್ಕೆ ಕೆಲವು ಸಾವಿರ ರೂಪಾಯಿ ಹೆಚ್ಚು. ವಿದ್ಯಾರ್ಥಿವೇತನವನ್ನು ನಂಬಿದವರಿಗೆ ಇದು ಸಣ್ಣ ಮಾತಲ್ಲ.

ಪ್ರೊಸೆಸರು ನುಂಗುವ ವಿದ್ಯುತ್ತೆಲ್ಲವೂ ಕೊನೆಗೆ ಶಾಖವೇ ಆಗುತ್ತದೆ. ಹಳೆಯ 60 ವಾಟಿನ ಬಲ್ಬನ್ನು ಮುಟ್ಟಿ ಕೈ ಸುಟ್ಟುಕೊಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಶಾಖ ಹೊರಹೋಗದೆ 100 ಡಿಗ್ರಿಯ ಸಮೀಪಕ್ಕೇರಿದರೆ ಪ್ರೊಸೆಸರು ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ಇನ್ನೂ ಏರಿದರೆ ಯಂತ್ರವೇ ಆರಿಹೋಗುತ್ತದೆ.

ಗಾಳಿಯ ಕೂಲರಿನ ತಾಮ್ರದ ಕೊಳವೆಗಳೊಳಗೆ ಗಾಳಿ ತೆಗೆದು ಅತ್ಯಲ್ಪ ನೀರನ್ನು ಇಟ್ಟಿರುತ್ತಾರೆ. ಬಿಸಿಯಾದ ತುದಿಯಲ್ಲಿ ಅದು ಆವಿಯಾಗಿ, ಅಲ್ಯೂಮಿನಿಯಂ ತಗಡುಗಳಿರುವ ಕಡೆ ಹನಿಗೂಡಿ ಹಿಂದಿರುಗುತ್ತದೆ. ಕುಚ್ಚಲಕ್ಕಿ ಗಂಜಿಯ ಮುಚ್ಚಳದಡಿ ನಾವು ದಿನವೂ ಕಾಣುವ ವ್ಯಾಪಾರವೇ ಇದು. ತಗಡುಗಳ ಶಾಖವನ್ನು ಫ್ಯಾನು ಊದಿ ಕಳೆಯುತ್ತದೆ. ನೀರಿನ ಕೂಲರಿನಲ್ಲಿ ಪುಟ್ಟ ಪಂಪು ನೀರನ್ನು ರೇಡಿಯೇಟರಿಗೆ ಸುತ್ತಿಸುತ್ತದೆ. ಅಲ್ಲಿಯೂ ಊದುವುದು ಫ್ಯಾನೇ, ಅದೂ ಕೋಣೆಯ ಗಾಳಿಯನ್ನೇ. ಆದುದರಿಂದ ಇವೆರಡರಲ್ಲಿ ಯಾವುದೂ ಪ್ರೊಸೆಸರನ್ನು ಕೋಣೆಗಿಂತ ತಂಪು ಮಾಡಲಾರದು. 25 ಡಿಗ್ರಿಯ ಕೋಣೆಯಲ್ಲಿ 70 ತೋರಿಸುವ ಯಂತ್ರ ಬಂಟ್ವಾಳದ ಬೇಸಿಗೆಯ 35 ಡಿಗ್ರಿಯಲ್ಲಿ ಅದೇ ಕೆಲಸಕ್ಕೆ ಸುಮಾರು 80 ತೋರಿಸುತ್ತದೆ. ಗಾಳಿಯ ತೇವ ಮಾತ್ರ ನಮ್ಮನ್ನು ಕಾಡುವಂತೆ ಅದನ್ನು ಕಾಡದು, ಯಂತ್ರ ಬೆವರುವುದಿಲ್ಲವಷ್ಟೆ!

ಅದರ ನಿಜವಾದ ಶತ್ರು ಧೂಳು. ಬಿ.ಸಿ. ರೋಡಿನ ಹೆದ್ದಾರಿಯ ಧೂಳು, ಮೂಡುಬಿದಿರೆಯ ಮುರಕಲ್ಲಿನ ಕೆಂಪುಹುಡಿ, ಬೆಳ್ತಂಗಡಿಯ ಮನೆಗಳಲ್ಲಿ ಅಡಿಕೆ ಸುಲಿಯುವಾಗ ಹಾರುವ ನಾರು, ಇವೆಲ್ಲ ತಗಡುಗಳ ನಡುವೆ ಕಂಬಳಿಯಂತೆ ಕುಳಿತುಬಿಡುತ್ತವೆ. ಮಳೆಗಾಲದ ತೇವದಲ್ಲಿ ಆ ಕಂಬಳಿ ಇನ್ನಷ್ಟು ಬಿಗಿಯಾಗುತ್ತದೆ. ರೇಡಿಯೇಟರಿಗೂ ಇದು ತಪ್ಪಿದ್ದಲ್ಲ. ಕೆಲವು ತಿಂಗಳಿಗೊಮ್ಮೆ ವಿದ್ಯುತ್ ತಪ್ಪಿಸಿ ಮೃದುವಾದ ಕುಂಚದಿಂದ ಗುಡಿಸುವುದು ಯಾವ ದುಬಾರಿ ಕೂಲರಿಗಿಂತಲೂ ಮೇಲೆಂದು ನನ್ನ ಅಭಿಪ್ರಾಯ.

ಇನ್ನು ಆಯ್ಕೆ. ಪ್ರೊಸೆಸರಿನ ವಾಟುಗಳನ್ನು ನೋಡುವಾಗ ಎರಡು ಅಂಕಿಗಳನ್ನೂ ನೋಡಬೇಕು. 2022ರಲ್ಲಿ ಬಂದ ಇಂಟೆಲ್ ಐ5-12400ಕ್ಕೆ ಮೂಲ ಅಂಕಿ 65 ವಾಟ್, ಗರಿಷ್ಠ ಅಂಕಿ 117. ಬೆರಳಚ್ಚಿನ ಕೆಲಸಕ್ಕೆ ಅದರ ಪೆಟ್ಟಿಗೆಯೊಡನೆ ಬರುವ ಫ್ಯಾನೇ ಧಾರಾಳವಾಯಿತು. ಗಂಟೆಗಟ್ಟಲೆ ಚಿತ್ರ ಜೋಡಿಸುವವರು ನಾಲ್ಕು ಕೊಳವೆಗಳ ಗೋಪುರದಂಥ ಗಾಳಿಯ ಕೂಲರನ್ನು ಕೊಳ್ಳಲಿ. 200 ವಾಟಿಗೂ ಮಿಕ್ಕು ನುಂಗುವ ಪ್ರೊಸೆಸರುಗಳಿಗೆ ನೀರಿನದು ನ್ಯಾಯವೇ. ಆದರೆ ಫ್ಯಾನು ಕೆಟ್ಟರೆ ಫ್ಯಾನೊಂದನ್ನು ಬದಲಿಸಬಹುದು. ಪಂಪು ಕೆಟ್ಟರೆ ಸಾಮಾನ್ಯವಾಗಿ ಇಡೀ ಕೂಲರನ್ನೇ ಎಸೆಯಬೇಕು.

ಕೂಲರನ್ನು ಕೂರಿಸುವಾಗ ನಡುವೆ ಬಟಾಣಿ ಕಾಳಿನಷ್ಟು ಪೇಸ್ಟು ಹಾಕುವುದನ್ನು ಮರೆಯಬಾರದು. ಎರಡು ಲೋಹಗಳ ನಡುವಿನ ಸೂಕ್ಷ್ಮ ಗೀರುಗಳಲ್ಲಿ ಗಾಳಿ ಉಳಿದರೆ ಶಾಖ ದಾಟುವುದಿಲ್ಲ; ತಾಮ್ರವು ಗಾಳಿಗಿಂತ ಸುಮಾರು 15,000 ಪಟ್ಟು ಚೆನ್ನಾಗಿ ಶಾಖವನ್ನೊಯ್ಯುತ್ತದೆ. ಗೋಪುರದ ಕೂಲರುಗಳು ಸುಮಾರು 155 ಮಿಲಿಮೀಟರು ಎತ್ತರವಿರುವುದರಿಂದ, ಹಣ ಕೊಡುವ ಮೊದಲು ಕ್ಯಾಬಿನೆಟ್ಟಿನ ಒಳಗಲವನ್ನು ಅಳೆದು ನೋಡಿರಿ.