ಹಿತ್ತಿಲಿನ ತುಂಬೆಗಿಡವೂ ಜೇನುನೊಣವೂ

ಮುಂಗಾರು ಮಳೆ ಬಿದ್ದ ಕೆಲವು ವಾರಗಳಲ್ಲಿ ಹಿತ್ತಿಲು, ಬೇಲಿಯ ಬುಡ, ಹಾಳುಗೋಡೆಯ ಮಗ್ಗುಲುಗಳಲ್ಲಿ ತಾನಾಗಿಯೇ ಏಳುವ ತುಂಬೆಗಿಡವನ್ನು ಅರಿಯದ ಗ್ರಾಮಸ್ಥರಿಲ್ಲ. ಶಿವಪೂಜೆಗೆ ಅದರ ಬಿಳಿಯ ಹೂವನ್ನು ಭಕ್ತಿಯಿಂದ ಬಿಡಿಸಿ ತಂದ ಕೈಯೇ ಮರುದಿನ ಗಿಡವನ್ನು ಕಳೆಯೆಂದು ಕಿತ್ತೆಸೆಯುವುದುಂಟು. ಹೊಲದಲ್ಲಿ ಅದು ಕಳೆಯೇ ಸರಿ. ಹಿತ್ತಿಲಿನ ಲೆಕ್ಕ ಬೇರೆ.

ಕುಂಬಳ, ಸೌತೆ, ಹೀರೆ ಮೊದಲಾದ ಬಳ್ಳಿಗಳಲ್ಲಿ ಗಂಡುಹೂ ಹೆಣ್ಣುಹೂಗಳು ಬೇರೆಬೇರೆಯಾಗಿರುತ್ತವೆ. ಕುಂಬಳದ ಪರಾಗವು ಅಂಟಾಗಿಯೂ ಭಾರವಾಗಿಯೂ ಇರುವುದರಿಂದ ಗಾಳಿಯಲ್ಲಿ ಹಾರಲಾರದು. ಜೇನುನೊಣದಂತಹ ಕೀಟಗಳೇ ಅದನ್ನು ಹೊತ್ತು ತರಬೇಕು. ಅದರ ಹೂವಾದರೋ ಬೆಳಗಿನ ಜಾವ ಅರಳಿ ಮಧ್ಯಾಹ್ನದೊಳಗೆ ಮುದುರಿಹೋಗುವುದು. ಆ ಕೆಲವೇ ಗಂಟೆಗಳಲ್ಲಿ ನೊಣ ಬಾರದಿದ್ದರೆ ಹೀಚು ಹಳದಿಯಾಗಿ ಉದುರುವುದು. ಗೊಬ್ಬರ ಸಾಲದೆಂದು ತಿಳಿದ ಗೃಹಸ್ಥನು ಇನ್ನೊಂದು ಮಂಕರಿ ಸುರಿಯುತ್ತಾನೆ. ಬಳ್ಳಿ ಸೊಕ್ಕುತ್ತದೆ, ಕಾಯಿ ಮಾತ್ರ ನಿಲ್ಲದು. ಉದುರಿದ ಹೀಚನ್ನು ಸೀಳಿ ನೋಡಿ, ಒಳಗೆ ಹುಳುವಿಲ್ಲದಿದ್ದರೆ ನೊಣಗಳ ಕೊರತೆಯನ್ನು ಶಂಕಿಸತಕ್ಕದ್ದು.

ಮಳೆಗಾಲವು ಜೇನಿಗೆ ಬರಗಾಲ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ಮರಿಹುಳುಗಳ ರೋಗವು ದಕ್ಷಿಣ ಭಾರತದಲ್ಲಿ ತುಡುವೆ ಜೇನಿನ ಕುಟುಂಬಗಳನ್ನು ಬಹುಮಟ್ಟಿಗೆ ನಿರ್ನಾಮಮಾಡಿದುದನ್ನು ಹಳೆಯ ಜೇನುಸಾಕಣೆಗಾರರು ಮರೆತಿಲ್ಲ. ರೋಗವನ್ನು ತಡೆಯುವುದು ತುಂಬೆಯಿಂದಾಗದು; ಹಸಿವನ್ನು ಕೊಂಚ ನೀಗಿಸುವುದು ಆದೀತು. ಹೂವು ಅಲ್ಪವಾದರೂ ಅದರ ಕೆಳದುಟಿ ನೊಣ ಕೂರಲು ಜಗಲಿಯಂತಿದ್ದು, ನಳಿಗೆಯ ತಳದಲ್ಲಿ ಮಕರಂದವಿರುತ್ತದೆ. ಗೆಣ್ಣಿನ ಸುತ್ತಲಿನ ಚೆಂಡಿನಲ್ಲಿ ಹೂಗಳು ಒಂದಾದ ಮೇಲೊಂದು ಅರಳುವುದರಿಂದ ವಾರಗಟ್ಟಲೆ ಮೇವು ದೊರೆಯುವುದು.

ಬೇಸಾಯವೆನ್ನುವಷ್ಟು ಕೆಲಸ ಇದರಲ್ಲಿಲ್ಲ. ಒಣಗಿದ ಚೆಂಡುಗಳನ್ನು ಬಟ್ಟೆಯ ಮೇಲೆ ಕೊಡವಿದರೆ ಸಣ್ಣ ಬೀಜಗಳು ಉದುರುವುವು. ಮುಂಗಾರಿನ ಆರಂಭದಲ್ಲಿ, ಬಿಸಿಲು ಬೀಳುವ ಮತ್ತು ನೀರು ನಿಲ್ಲದ ಕಡೆ ಎರಡು ಮೊಳ ಅಗಲದ ಪಟ್ಟಿಯಲ್ಲಿ ಅವನ್ನು ಮರಳಿನೊಡನೆ ಬೆರೆಸಿ ಚೆಲ್ಲಿ, ಕೈಯಿಂದ ತೆಳುವಾಗಿ ಮಣ್ಣಾಡಿಸಿದರೆ ಸಾಕು. ಗೊಬ್ಬರ ಬೇಡ. ಮುಂದಿನ ವರ್ಷಗಳಲ್ಲಿ ಬೀಜ ತಾನೇ ಉದುರಿ ಮೊಳೆಯುವುದು. ಹೊಲದ ಕಡೆಗೆ ಹಬ್ಬಿದ ಗಿಡಗಳನ್ನು ಬೀಜ ಬಲಿಯುವ ಮೊದಲೇ ಕೀಳತಕ್ಕದ್ದು. ತರಕಾರಿಗೆ ಕೀಟನಾಶಕ ಸಿಂಪಡಿಸಲೇಬೇಕಾದಲ್ಲಿ ನೊಣಗಳು ಗೂಡಿಗೆ ಮರಳಿದ ಮೇಲೆ, ಸಂಜೆಯಲ್ಲಿ, ತುಂಬೆಯ ಮೇಲೆ ಬೀಳದಂತೆ ಸಿಂಪಡಿಸತಕ್ಕದ್ದು.

ಹೆಚ್ಚಿನ ಹಾನಿಯಾಗುವುದು ಗೌರೀಗಣೇಶ ಹಬ್ಬದ ಸಮಯದಲ್ಲಿ. ಮನೆಯ ಸುತ್ತ ಶುಚಿಮಾಡುವ ಉತ್ಸಾಹದಲ್ಲಿ ಹೂ ತುಂಬಿನಿಂತ ತುಂಬೆಯೆಲ್ಲವೂ ತಿಪ್ಪೆ ಸೇರುತ್ತದೆ. ಬೇಲಿಯುದ್ದಕ್ಕೂ ಒಂದು ಪಟ್ಟಿಯನ್ನು ಬಿಟ್ಟು ಉಳಿದುದನ್ನು ಸವರುವಂತೆ ಗ್ರಾಮದ ಹಿರಿಯರೂ ಜಮೀನುದಾರರೂ ತಮ್ಮ ಆಳುಗಳಿಗೆ ಮುಂಚಿತವಾಗಿ ತಿಳಿಸಿಡುವುದು ಯುಕ್ತ. ಆ ಪಟ್ಟಿಯಲ್ಲಿ ಬಲಿತ ಬೀಜವನ್ನು ಹಿಡಿಯಷ್ಟು ತೆಗೆದಿಟ್ಟರೆ ಮುಂದಿನ ಮುಂಗಾರಿಗೆ ನೆರೆಮನೆಯವರಿಗೂ ಒದಗುವುದು.