ಎಲ್ಲರಿಗೂ ಮಾತು ಸಿಗುವ ಮೀಟಿಂಗ್

“ನೀವು ಹೇಳಿ ಸರ್.” “ಇಲ್ಲ ಇಲ್ಲ, ನೀವೇ ಮುಂದುವರಿಸಿ ಮೇಡಂ.” ಆನ್‌ಲೈನ್ ಮೀಟಿಂಗಿನಲ್ಲಿ ಕೂತು ಗೊತ್ತಿರುವ ಯಾರಿಗೂ ಇದು ಹೊಸತಲ್ಲ. ಇಬ್ಬರು ಒಟ್ಟಿಗೆ ಬಾಯಿ ತೆರೆಯುತ್ತಾರೆ, ಇಬ್ಬರೂ ತಡೆಯುತ್ತಾರೆ, ಕ್ಷಣ ಬಿಟ್ಟು ಮತ್ತೆ ಇಬ್ಬರೂ ಒಟ್ಟಿಗೇ ಶುರು ಮಾಡುತ್ತಾರೆ. ಇದರಲ್ಲಿ ಯಾರ ತಪ್ಪೂ ಇಲ್ಲ. ಎದುರೆದುರು ಕೂತು ಮಾತಾಡುವಾಗ ಒಬ್ಬರ ಪ್ರಶ್ನೆ ಮುಗಿದು ಇನ್ನೊಬ್ಬರ ಉತ್ತರ ಶುರುವಾಗಲು ಹಿಡಿಯುವ ಸಮಯ ಸರಾಸರಿ 200 ಮಿಲಿಸೆಕೆಂಡ್, ಅಂದರೆ ಒಂದು ಸೆಕೆಂಡಿನ ಐದನೇ ಒಂದು ಭಾಗ. ಜಪಾನಿ, ಡೇನಿಶ್, ಲಾವೊ ಸೇರಿ ಹತ್ತು ಭಾಷೆಗಳನ್ನು ಹೋಲಿಸಿ 2009ರಲ್ಲಿ ಪ್ರಕಟವಾದ ಅಧ್ಯಯನ ಕಂಡುಕೊಂಡದ್ದು ಇದು. ನೆಟ್‌ನಲ್ಲಿ ಧ್ವನಿ ಆ ಕಡೆ ತಲುಪುವುದಕ್ಕೇ ಹೆಚ್ಚುಕಡಿಮೆ ಅಷ್ಟು ಹೊತ್ತು ಬೇಕಾಗಬಹುದು. ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡ್ ಒಳಗಿದ್ದರೆ ಮಾತುಕತೆಗೆ ತೊಡಕಿಲ್ಲ, 400 ದಾಟಬಾರದು ಎನ್ನುವುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಲೆಕ್ಕ. ಬೆಂಗಳೂರಿನಿಂದ ಕ್ಯಾಲಿಫೋರ್ನಿಯಾಕ್ಕೆ ಮಾತಾಡುವಾಗ, ಅದರಲ್ಲೂ ವೈಫೈ ಸೊರಗಿದ್ದಾಗ, ಮೊದಲ ಗಡಿ ಸುಲಭವಾಗಿ ಮೀರುತ್ತದೆ.

ಹೀಗೆ ಸರದಿ ತಪ್ಪಿದಾಗ ಗೆಲ್ಲುವವರು ದೊಡ್ಡ ದನಿಯವರು, ದೊಡ್ಡ ಹುದ್ದೆಯವರು, ಇಂಗ್ಲಿಷ್ ಸಲೀಸಾಗಿ ಬರುವವರು. ಪೀಣ್ಯದ ಒಂದು ಬಿಡಿಭಾಗಗಳ ಕಾರ್ಖಾನೆ ಜರ್ಮನಿಯ ಖರೀದಿದಾರರ ಜೊತೆ ಕಾಲ್‌ನಲ್ಲಿದೆ ಎಂದುಕೊಳ್ಳಿ. ಮಾಲು ಯಾಕೆ ರಿಜೆಕ್ಟ್ ಆಯಿತು ಎಂಬುದು ಮೆಷಿನ್ ಮುಂದೆ ನಿಲ್ಲುವ ಸೂಪರ್‌ವೈಸರ್‌ಗೆ ಗೊತ್ತು. ಅವರು ಮನಸ್ಸಿನಲ್ಲೇ ವಾಕ್ಯ ಜೋಡಿಸಿಕೊಳ್ಳುವಷ್ಟರಲ್ಲಿ ಮಾತು ಬೇರೆ ಕಡೆ ಹೋಗಿರುತ್ತದೆ. ಅವರು ಮ್ಯೂಟ್‌ನಲ್ಲೇ ಉಳಿಯುತ್ತಾರೆ. ಅವರ ಮೌನವನ್ನು ಒಪ್ಪಿಗೆ ಎಂದು ಬರೆದುಕೊಳ್ಳಲಾಗುತ್ತದೆ. ಎಲ್ಲಕ್ಕಿಂತ ಹೆಚ್ಚು ನಷ್ಟ ಆಗುವುದು ಇಲ್ಲೇ ಎಂದು ನಾನು ನಂಬಿದ್ದೇನೆ. ನೆಟ್ ಹೋದರೆ ಹತ್ತು ನಿಮಿಷದಲ್ಲಿ ಬರುತ್ತದೆ. ಹೇಳದೆ ಉಳಿದ ಮಾತು ಮುಂದಿನ ರಿಜೆಕ್ಷನ್‌ವರೆಗೂ ಹೊರಗೆ ಬರುವುದಿಲ್ಲ.

ಆದ್ದರಿಂದ ಮೀಟಿಂಗ್ ಕರೆದವರ ಮೊದಲ ಕೆಲಸ ಮಾತನ್ನು ಹಂಚುವುದು. ಪಂಕ್ತಿಯಲ್ಲಿ ಬಡಿಸುವವರು ಯಾರ ಎಲೆ ಖಾಲಿ ಇದೆ ಎಂದು ನೋಡುತ್ತಾ ನಡೆಯುವಂತೆ, ಯಾರು ಇನ್ನೂ ಮಾತಾಡಿಲ್ಲ ಎಂಬುದರ ಮೇಲೆ ಅವರ ಕಣ್ಣಿರಬೇಕು. “ಎಲ್ಲರಿಗೂ ಒಪ್ಪಿಗೆಯಾ?” ಎಂದು ಕೇಳಿದರೆ ಯಾರೂ ಉತ್ತರಿಸುವುದಿಲ್ಲ. ಹೆಸರು ಹಿಡಿದು, ಒಂದೇ ವಿಷಯ ಕೇಳಿ: ಈ ತಾರೀಕಿಗೆ ಮಾಲು ಕಳಿಸಲು ಆಗುತ್ತದೆಯೇ, ಏನು ಅಡ್ಡಿಯಿದೆ? ಕೇಳಿದ ಮೇಲೆ ನಾಲ್ಕೈದು ಸೆಕೆಂಡ್ ಸುಮ್ಮನಿರಿ. ಆ ಮೌನ ಉದ್ದ ಎನಿಸುತ್ತದೆ, ಆದರೂ ತಡೆದುಕೊಳ್ಳಿ. ಇಂಗ್ಲಿಷ್‌ನಲ್ಲಿ ತಡವರಿಸುತ್ತಿದ್ದರೆ, “ಕನ್ನಡದಲ್ಲೇ ಹೇಳಿ, ನಾನು ಅವರಿಗೆ ತಿಳಿಸುತ್ತೇನೆ” ಎಂದುಬಿಡಿ. ಮೀಟಿಂಗಿನಲ್ಲಿರುವ ಎಲ್ಲರಿಗೂ ಕನ್ನಡ ಬರುವಾಗ ಇಂಗ್ಲಿಷ್‌ನಲ್ಲಿ ನಡೆಸುವುದಕ್ಕೆ ನನಗಂತೂ ಯಾವ ಕಾರಣವೂ ಕಾಣುವುದಿಲ್ಲ.

ಆರು ಜನ ಆಫೀಸಿನ ಕೋಣೆಯಲ್ಲಿ, ಇಬ್ಬರು ಸ್ಕ್ರೀನ್ ಮೇಲೆ ಇರುವ ಮೀಟಿಂಗ್ ಇನ್ನೂ ಕಷ್ಟದ್ದು. ಕೋಣೆಯವರು ತಮ್ಮತಮ್ಮಲ್ಲೇ ಮಾತಾಡಿ ನಗುತ್ತಾರೆ, ಹೊರಗಿನವರಿಗೆ ಗುಜುಗುಜು ಮಾತ್ರ ಕೇಳಿಸುತ್ತದೆ. ಹೊರಗಿದ್ದವರಿಗೇ ಪ್ರತಿ ವಿಷಯದಲ್ಲೂ ಮೊದಲ ಮಾತು ಕೊಟ್ಟರೆ ಅರ್ಧ ಸಮಸ್ಯೆ ತೀರುತ್ತದೆ.

ಸಲಕರಣೆಯ ವಿಚಾರದಲ್ಲಿ ನನ್ನ ಅಭಿಪ್ರಾಯ ಸರಳ: ಕ್ಯಾಮೆರಾಕ್ಕೆ ದುಡ್ಡು ಹಾಕುವ ಮೊದಲು ಮೈಕ್‌ಗೆ ಹಾಕಿ. ಮುಖ ಮಸುಕಾದರೂ ವ್ಯವಹಾರ ನಡೆಯುತ್ತದೆ. ದರ ‘ಸಿಕ್ಸ್‌ಟೀನೋ’ ‘ಸಿಕ್ಸ್‌ಟಿಯೋ’ ಎಂದು ಕೇಳಿಸದಿದ್ದರೆ ನಡೆಯುವುದಿಲ್ಲ. ಮೊಬೈಲ್‌ಗೆ ಹಾಕುವ ಸಾದಾ ಇಯರ್‌ಫೋನ್ ಕೂಡ ಲ್ಯಾಪ್‌ಟಾಪಿನ ಸ್ವಂತ ಮೈಕ್‌ಗಿಂತ ಎಷ್ಟೋ ವಾಸಿ, ಮೈಕ್ ಬಾಯಿಗೆ ಹತ್ತಿರ ಇರುವುದರಿಂದ. ಧ್ವನಿಗೆ ಸಾಮಾನ್ಯವಾಗಿ ಸೆಕೆಂಡಿಗೆ ನೂರು ಕಿಲೋಬಿಟ್ ಒಳಗಿನ ನೆಟ್ ಸಾಕು, ಸ್ಪಷ್ಟ ವಿಡಿಯೊಗೆ ಅದರ ಹತ್ತು ಪಟ್ಟಿಗೂ ಹೆಚ್ಚು ಬೇಕು. ಹಾಗಾಗಿ ಮಾತು ಕತ್ತರಿಸತೊಡಗಿದ ಕೂಡಲೇ ವಿಡಿಯೊ ಆಫ್ ಮಾಡಿ. ಎಕ್ಸೆಲ್ ಹಾಳೆ ಶೇರ್ ಮಾಡುವವರು ತಾಲ್ಲೂಕು ಕೇಂದ್ರದಲ್ಲಿ ಕೂತು ಮೊಬೈಲ್‌ನಲ್ಲಿ ನೋಡುತ್ತಿರುವ ಡೀಲರನ್ನು ನೆನೆಯಬೇಕು. ಅಕ್ಷರ ಅವರಿಗೆ ಇರುವೆ ಸಾಲಿನಂತೆ ಕಾಣಬಾರದು. ಹಾಳೆಯನ್ನು ಹಿಂದಿನ ದಿನವೇ ಕಳಿಸಿದರೆ ಇನ್ನೂ ಒಳ್ಳೆಯದು.

ಕ್ಯಾಮೆರಾ ಇಡೀ ಹೊತ್ತು ಆನ್ ಇರಲೇಬೇಕು ಎಂಬ ಕಟ್ಟಪ್ಪಣೆ ಬೇಡ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರೆಮಿ ಬೈಲೆನ್ಸನ್ 2021ರಲ್ಲಿ ಬರೆದ ಲೇಖನದಲ್ಲಿ ವಿಡಿಯೊ ಕರೆಗಳ ದಣಿವಿಗೆ ನಾಲ್ಕು ಕಾರಣ ಕೊಟ್ಟಿದ್ದರು: ತೀರಾ ಹತ್ತಿರದಿಂದ ದಿಟ್ಟಿಸುವ ಮುಖಗಳು, ಸದಾ ಕಾಣುವ ತನ್ನದೇ ಮುಖ, ಕೂತಲ್ಲೇ ಕೂರಬೇಕಾದ ಕಟ್ಟು, ಇತರರ ಸನ್ನೆ ಓದಲು ಮೆದುಳು ಪಡುವ ಹೆಚ್ಚಿನ ಶ್ರಮ. ತನ್ನ ಮುಖ ತನಗೆ ಕಾಣದಂತೆ ಮರೆಮಾಡುವ ಸೌಲಭ್ಯ ಹಲವು ಆ್ಯಪ್‌ಗಳಲ್ಲಿದೆ. ಅದನ್ನು ಬಳಸಿ. ಪರಿಚಯ ಮಾಡಿಕೊಳ್ಳುವಾಗ, ಬೆಲೆ ಮಾತಾಡುವಾಗ ಮುಖ ಕಾಣಲಿ. ಉಳಿದ ಹೊತ್ತು ಅವರವರ ಇಷ್ಟ.

ಗಡಿಯಾರದ ಬಗ್ಗೆ ಒಂದು ಮಾತು. ಅಮೆರಿಕದಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ನವೆಂಬರ್‌ನ ಮೊದಲ ಭಾನುವಾರ ಹಿಂದೆ ಬರುತ್ತದೆ. ಯುರೋಪಿನಲ್ಲಿ ಇದು ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ. ನಮ್ಮದು ಬದಲಾಗುವುದೇ ಇಲ್ಲ. ಸ್ಯಾನ್ ಫ್ರಾನ್ಸಿಸ್ಕೊದ ಬೆಳಿಗ್ಗೆ ಒಂಬತ್ತರ ಮೀಟಿಂಗ್ ಬೇಸಿಗೆಯಲ್ಲಿ ಬೆಂಗಳೂರಿನವರಿಗೆ ರಾತ್ರಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ. ಪ್ರತಿ ಸಲ ಇಲ್ಲಿನವರೇ ಊಟ, ನಿದ್ದೆ, ಮಕ್ಕಳನ್ನು ಬಿಟ್ಟು ಕೂರುವುದು ನ್ಯಾಯವಲ್ಲ. ಒಂದು ವಾರ ನಮಗೆ ತಡವಾದರೆ ಮುಂದಿನ ವಾರ ಅವರು ಬೇಗ ಏಳಲಿ ಎಂದು ಕೇಳುವ ಧೈರ್ಯ ಮ್ಯಾನೇಜರುಗಳಿಗೆ ಬರಬೇಕು. ಕೇಳಿದರೆ ಎಷ್ಟೋ ಕಡೆ ಒಪ್ಪುತ್ತಾರೆ.

ಮುಗಿಸುವ ಮುನ್ನ ತೀರ್ಮಾನಗಳನ್ನು ಗಟ್ಟಿಯಾಗಿ ಓದಿ: ಯಾರು, ಏನು, ಯಾವ ತಾರೀಕಿಗೆ. ಅದನ್ನೇ ಚಾಟ್‌ನಲ್ಲಿ ಹಾಕಿ. ರೆಕಾರ್ಡ್ ಮಾಡುವುದಿದ್ದರೆ ಮೊದಲೇ ಹೇಳಿ. ಮತ್ತೊಂದು ಕೋರಿಕೆ: ಮುಂದಿನ ವಾರದ ಕ್ಯಾಲೆಂಡರ್ ತೆರೆದು, ತೀರ್ಮಾನ ಮಾಡಬೇಕಾದ ವಿಷಯವೇ ಇಲ್ಲದ, ಒಂದು ಮೇಲ್‌ನಲ್ಲಿ ಮುಗಿಯಬಹುದಾದ ಮೀಟಿಂಗ್‌ಗಳನ್ನು ಇವತ್ತೇ ರದ್ದು ಮಾಡಿ, ಅದಕ್ಕೆ ಬರಬೇಕಿದ್ದವರಿಗೆ ತಿಳಿಸಿಬಿಡಿ.